ಹರಣಿಯ ಹನ್ನೆರಡು ದಿನ

ಮೊದಲ ಸೂಜಿ ಹಾಕಬೇಕಿದ್ದ ಬೆಳಿಗ್ಗೆಯೇ ಹರಣಿಯ ಎಡಗೊಂಬು ವಾಲಿರುವುದು ನನ್ನ ಕಣ್ಣಿಗೆ ಬಿತ್ತು.

ಹರಣಿ ಖಜೂರಿಯ ಒಬ್ಬ ರೈತ ಮಹಿಳೆಯ ದೇವಣಿ ಆಕಳು. ಬಿಳಿ ಮೈ, ಅಲ್ಲಲ್ಲಿ ಕಪ್ಪು ಮಚ್ಚೆ, ಜೋಲುಗಿವಿ. ವಯಸ್ಸು ಹತ್ತು ದಾಟಿತ್ತು. ಐದು ಸಲ ಈದಿದ್ದಳು, ಐದೂ ಹೋರಿಗರು. ಒಡತಿಯ ಅಜ್ಜಿಯ ಕಾಲದಿಂದ ತಾಯಿಯಿಂದ ಮಗಳಿಗೆ ಇಳಿದು ಬಂದಿದ್ದ ತಳಿ ಅವಳಲ್ಲಿಗೆ ಬಂದು ನಿಂತಿತ್ತು. ಒಂದು ಹೆಣ್ಣುಗರು ಸಿಕ್ಕರೆ ಸಾಕು ಎಂದು ಒಡತಿ ನನಗೆ ಹಿಂದಿನ ವರ್ಷದಿಂದ ಹೇಳುತ್ತಲೇ ಇದ್ದರು.

ಆಕಳು ಒಂದು ಬೆದೆಗೆ ಸಾಮಾನ್ಯವಾಗಿ ಒಂದೇ ಅಂಡ ಬಿಡುತ್ತದೆ. ಹಾರ್ಮೋನು ಕೊಟ್ಟು ಒಂದೇ ಸಲಕ್ಕೆ ಹತ್ತಾರು ಅಂಡ ಬಿಡುವಂತೆ ಮಾಡಬಹುದು. ಆಮೇಲೆ ಒಳ್ಳೆಯ ಹೋರಿಯ ವೀರ್ಯ ಕೊಟ್ಟು, ಏಳನೆಯ ದಿನ ಗರ್ಭಕೋಶ ತೊಳೆದು ಭ್ರೂಣಗಳನ್ನು ಹೊರತೆಗೆದು, ಅದೇ ಹೊತ್ತಿಗೆ ಬೆದೆಗೆ ತಂದಿಟ್ಟ ಬೇರೆ ಆಕಳುಗಳ ಗರ್ಭದಲ್ಲಿ ಇಡುವುದು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಲ್ಲಿ ಈ ಕೆಲಸ ನನ್ನ ಪಾಲಿಗೆ ಬಂದಿತ್ತು. ಹರಣಿ ನನ್ನ ಮೊದಲ ದಾನಿ ಆಕಳು. ಹತ್ತು ಭ್ರೂಣ ಸಿಕ್ಕರೆ ಅದರಲ್ಲಿ ನಾಲ್ಕಾದರೂ ಹೆಣ್ಣಾಗಬಹುದು ಎಂಬುದು ನಮ್ಮ ಲೆಕ್ಕ.

ಸಿರಿಂಜಿಗೆ ಔಷಧಿ ಏರಿಸಿಕೊಂಡು ಹರಣಿಯ ಪಕ್ಕಕ್ಕೆ ಹೋದೆ. ಅವಳು ತಲೆ ಒದರಿದಳು. ಕೊಂಬನ್ನು ಬೆರಳಿನಿಂದ ತಟ್ಟಿ ನೋಡಿದೆ. ಬಲಗೊಂಬು ಟೊಳ್ಳಾಗಿ ಸದ್ದು ಮಾಡಿತು, ಎಡದ್ದು ಮಾಡಲಿಲ್ಲ. ಬುಡದಲ್ಲಿ ಹೆಬ್ಬೆರಳು ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು.

"ಕೋಡು ಯಾವಾಗಿಂದ ಹಿಂಗ ಬಗ್ಗ್ಯಾದ ಅಕ್ಕಾ?" ಎಂದು ಕೇಳಿದೆ.

"ದೀಪಾವಳಿ ಆದಮ್ಯಾಲಿಂದ್ರಿ. ಗೂಟಕ್ಕ ತಿಕ್ಕತಿದ್ಳು. ಕೆರೀತಿರಬೇಕು ಅಂತ ಎಣ್ಣಿ ಹಚ್ಚೀನ್ರಿ."

ಕೊಂಬಿನ ಕ್ಯಾನ್ಸರ್ ನಮ್ಮ ಭಾಗದ ಉದ್ದಗೊಂಬಿನ ದನಗಳಲ್ಲಿ ಹೊಸದೇನಲ್ಲ. ಎತ್ತುಗಳಲ್ಲಿ ಹೆಚ್ಚು, ಆಕಳುಗಳಲ್ಲೂ ಕಂಡಿದ್ದೆ. ಫೋಟೊ ತೆಗೆದು ಪಶುವೈದ್ಯ ಕಾಲೇಜಿನ ಶಸ್ತ್ರಚಿಕಿತ್ಸಕರಿಗೆ ಕಳಿಸಿ ಅಲ್ಲಿಂದಲೇ ಫೋನು ಮಾಡಿದೆ. ಅವರು ನನ್ನ ಮೇಷ್ಟ್ರು.

"ಈ ವಾರದಾಗ ತೆಗೀಬೇಕವ್ವಾ. ಈಗಿನ್ನೂ ಬುಡದಾಗ ಇದ್ದಂಗ ಕಾಣ್ತದ. ತಲಿಬುರುಡಿ ಒಳಗ ಇಳೀತಂದ್ರ ನನ್ನ ಕೈಲಿಂದನೂ ಆಗಂಗಿಲ್ಲ," ಎಂದರು.

ನಾನು ಹಾರ್ಮೋನಿನ ವಿಷಯ ಹೇಳಿದೆ. ನಾಲ್ಕು ದಿನ ಸೂಜಿ, ಐದನೆಯ ದಿನ ಬೆದೆ, ಅಲ್ಲಿಂದ ಏಳು ದಿನಕ್ಕೆ ಗರ್ಭಕೋಶ ತೊಳೆಯುವುದು. ಒಟ್ಟು ಹನ್ನೆರಡು ದಿನ. ಮೊದಲು ಕೊಂಬು ತೆಗೆದರೆ ಗಾಯ ಮಾಯಲಿಕ್ಕೆ ಎರಡು ತಿಂಗಳು ಬೇಕು, ಆಮೇಲೆ ಕೊಡುವ ಕ್ಯಾನ್ಸರ್ ಔಷಧಿ ಅಂಡಾಶಯವನ್ನೂ ಸುಮ್ಮನೆ ಬಿಡುವುದಿಲ್ಲ. ಈ ವಯಸ್ಸಿನಲ್ಲಿ ಅವಳು ಮತ್ತೆ ದಾನಿಯಾಗುವ ನಂಬಿಕೆ ನನಗಿರಲಿಲ್ಲ. ಮೇಷ್ಟ್ರು, "ಒಡತಿಗಿ ಬಿಡಿಸಿ ಹೇಳು," ಎಂದು ಫೋನು ಇಟ್ಟರು.

ಬಿಡಿಸಿಯೇ ಹೇಳಿದೆ. ಒಡತಿ ಕೆಳಗೆ ಕೂತು ಕೇಳಿದರು. ನಲವತ್ತೈದರ ಆಸುಪಾಸಿನ ಹೆಣ್ಣುಮಗಳು. ಎರಡೆಕರೆ ತೊಗರಿ ಹೊಲವನ್ನೂ ನಾಲ್ಕು ದನಗಳನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಗಂಡ ಸೊಲ್ಲಾಪುರದ ಕಡೆ ಲಾರಿ ಓಡಿಸುತ್ತಿದ್ದರು.

"ಹನ್ನೆರಡು ದಿನಕ್ಕ ಅದು ಒಳಗ ಇಳೀತದೇನ್ರಿ?"

"ಇಳೀಬಹುದು. ಇಳೀದೇನೂ ಇರಬಹುದು."

"ನಿಮ್ಮ ಆಕಳ ಇದ್ದಿದ್ರ ನೀವೇನ್ ಮಾಡ್ತಿದ್ರಿ ಮೇಡಂ ರೀ?"

"ಆಕಳು ನಿಮ್ಮದಕ್ಕಾ. ನೀವು ಹೆಂಗಂತೀರಿ ಹಂಗ," ಎಂದೆ.

ವೈದ್ಯರು ಇಕ್ಕಟ್ಟಿಗೆ ಸಿಕ್ಕಾಗ ಹೇಳುವ ಮಾತು ಇದು. ಅವರು ಹರಣಿಯ ಗಂಗೆದೊಗಲನ್ನು ನೀವುತ್ತ ಬಹಳ ಹೊತ್ತು ಯೋಚಿಸಿದರು. ಕೊನೆಗೆ, "ಹಂಗಾರ ಹಾಕ್ರಿ ಸೂಜಿ," ಎಂದರು. ಅಷ್ಟು ಹೊತ್ತೂ ಔಷಧಿ ತುಂಬಿದ ಸಿರಿಂಜು ನನ್ನ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟು ಕೇಳಿದ್ದರೆ ಅವರ ಉತ್ತರ ಬೇರೆ ಆಗುತ್ತಿತ್ತೋ ಏನೋ. ಇದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ.

ಹಾರ್ಮೋನನ್ನು ಹನ್ನೆರಡು ತಾಸಿಗೊಮ್ಮೆ ಕೊಡಬೇಕು. ಮೊದಲ ದಿನ ಹೆಚ್ಚು, ದಿನದಿಂದ ದಿನಕ್ಕೆ ಇಳಿಸುತ್ತ ಎಂಟು ಸೂಜಿ. ಹೊತ್ತು ತಪ್ಪುವಂತಿಲ್ಲ, ಔಷಧಿ ಬೆಚ್ಚಗಾಗುವಂತಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಪಶು ಪರೀಕ್ಷಕರು ಆ ವಾರ ಅಫಜಲಪುರ ತಾಲೂಕಿನ ಸೊನ್ನದಲ್ಲಿ ಲಸಿಕೆ ಕೆಲಸಕ್ಕೆ ಹೋಗಿದ್ದರು. ಹಾಗಾಗಿ ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಆಳಂದದಿಂದ ಖಜೂರಿಗೆ ನಾನೇ ಮಂಜುಗಡ್ಡೆಯ ಡಬ್ಬಿ ಇಟ್ಟುಕೊಂಡು ಓಡಾಡಿದೆ. ಹರಣಿ ಸೂಜಿಗೆ ಒದೆಯುತ್ತಿರಲಿಲ್ಲ. ಬಲತೊಡೆಗೆ ಒಂದು ಹೊತ್ತು, ಎಡತೊಡೆಗೆ ಒಂದು ಹೊತ್ತು. ಮೂರನೆಯ ದಿನ ಅವಳನ್ನು ಬೆದೆಗೆ ತರುವ ಇನ್ನೊಂದು ಚುಚ್ಚುಮದ್ದನ್ನೂ ಕೊಟ್ಟೆ.

ಮೊದಲ ಮೂರು ದಿನ ನೋವಿಗೂ ಔಷಧಿ ಕೊಟ್ಟಿದ್ದೆ. ನಾಲ್ಕನೆಯ ದಿನ ನಿಲ್ಲಿಸಿದೆ. ಅಂಡಾಶಯದ ಮೇಲೆ ಬೆಳೆದ ಗುಳ್ಳೆಗಳು ಒಡೆದರೆ ಮಾತ್ರ ಅಂಡ ಹೊರಬರುತ್ತದೆ. ಗುಳ್ಳೆ ಒಡೆಯಲು ಮೈಯಲ್ಲಿ ಯಾವ ರಸ ಊರಬೇಕೋ, ನೋವಿನ ಔಷಧಿ ಕಟ್ಟಿಹಾಕುವುದು ಅದನ್ನೇ. ಖಂಡಿತ ತಡೆಯುತ್ತದೆ ಎಂದೇನಿಲ್ಲ, ತಡೆಯಬಹುದು. ಆ 'ಬಹುದು' ನನ್ನನ್ನು ಹೆದರಿಸಿತ್ತು. ಒಳಗೆ ಕೈಹಾಕಿ ಮೆಲ್ಲಗೆ ಮುಟ್ಟಿ ನೋಡಿದ್ದೆ. ಬಲ ಅಂಡಾಶಯದಲ್ಲಿ ಎಂಟು ಗುಳ್ಳೆ, ಎಡದಲ್ಲಿ ಆರೋ ಏಳೋ. ಆ ವಯಸ್ಸಿನ ಆಕಳಿಗೆ ಅಷ್ಟು ಬರುತ್ತದೆಂದು ನಾನು ಎಣಿಸಿರಲಿಲ್ಲ. ಒಡತಿಗೆ ಹೇಳಿದಾಗ ಅವರು ಬೆರಳು ಮಡಿಚಿ ಎಣಿಸಿ, "ಹದಿನಾಲ್ಕು ಆತಲ್ರಿ," ಎಂದು ನಕ್ಕರು. ಆ ಹನ್ನೆರಡು ದಿನದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಐದನೆಯ ದಿನ ಬೆಳಿಗ್ಗೆ ಹರಣಿ ಸರಿಯಾಗಿ ಬೆದೆಗೆ ಬಂದಳು. ಲೋಳೆ ಗಾಜಿನ ಎಳೆಯ ಹಾಗೆ ತಿಳಿಯಾಗಿ ಇಳಿಯುತ್ತಿತ್ತು. ಸಂಜೆ ಒಂದು ಸಲ, ಮರುದಿನ ಬೆಳಿಗ್ಗೆ ಒಂದು ಸಲ ವೀರ್ಯ ಕೊಡಬೇಕು. ಅವಳನ್ನು ಬೇರೆ ದನಗಳಿಂದ ದೂರ ಕಟ್ಟಿಸಿ, ವೀರ್ಯಕಡ್ಡಿಗಳಿದ್ದ ನೈಟ್ರೋಜನ್ ಜಾಡಿ ತರಲು ಆಸ್ಪತ್ರೆಗೆ ಹೋದೆ. ಹನ್ನೊಂದರ ಸುಮಾರಿಗೆ ಫೋನು ಬಂತು.

"ಮೇಡಂ ರೀ, ಕೋಡು ಮುರದದ. ಜಲ್ದಿ ಬರ್ರಿ."

ಬೆದೆಯ ಆಕಳು ನಿಂತಲ್ಲಿ ನಿಲ್ಲುವುದಿಲ್ಲ. ಹಗ್ಗ ಜಗ್ಗಿ ತಿರುಗುವಾಗ ಕೊಂಬು ಕಂಬಕ್ಕೆ ಸಿಕ್ಕಿ ಬುಡದಲ್ಲಿ ಸೀಳಿತ್ತು. ಮುಖದ ಎಡಭಾಗವೆಲ್ಲ ರಕ್ತ. ಸೀಳಿನೊಳಗೆ ಹೂಕೋಸಿನಂಥ ಬೆಳವಣಿಗೆ ಕಾಣುತ್ತಿತ್ತು. ಕಣ್ಣಿನ ಹಿಂದೆ ಕೊಂಬಿನ ನರಕ್ಕೆ ಮರಗಟ್ಟುವ ಸೂಜಿ ಹಾಕಿದೆ, ತೊಳೆದೆ, ಔಷಧಿಯಲ್ಲಿ ಅದ್ದಿದ ಬಟ್ಟೆ ತುಂಬಿ ಬಿಗಿಯಾಗಿ ಕಟ್ಟಿದೆ. ರಕ್ತ ನಿಂತಿತು. ಒಂದೂವರೆ ತಾಸು ಹರಣಿ ಸಮಾಧಾನದಿಂದಿದ್ದಳು. ಆಮೇಲೆ ಹಲ್ಲು ಕಡಿಯತೊಡಗಿದಳು. ಮತ್ತೆ ಮರಗಟ್ಟಿಸಲು ಹೋದರೆ ಎರಡನೆಯ ಸೂಜಿ ಕೆಲಸ ಮಾಡಲೇ ಇಲ್ಲ. ಬಾವಿನಲ್ಲಿ ನರ ಎಲ್ಲಿದೆಯೆಂದು ನನಗೆ ಗೊತ್ತಾಗಲಿಲ್ಲ.

ಮೇಷ್ಟ್ರಿಗೆ ಫೋನು ಮಾಡಿದೆ. "ನೋವಿಗಿ ಕೊಡು. ಇಲ್ಲಾ ಇವತ್ತೇ ಗಾಡಿಗಿ ಹಾಕಿ ಕಳಸು," ಎಂದರು. ಬೆದೆಯ ದಿನ ಗಾಡಿ ಹತ್ತಿಸಿದರೆ ನಾಲ್ಕು ದಿನದ ಕೆಲಸ ಅಲ್ಲಿಗೇ ಮುಗಿದಂತೆ. ನೋವಿನ ಔಷಧಿ ಕೊಟ್ಟರೂ ಮುಗಿಯಬಹುದು. ಕೊಡದಿದ್ದರೆ ಗುಳ್ಳೆ ಒಡೆಯುವವರೆಗೆ, ಅಂದರೆ ಒಂದು ಹಗಲು, ಒಂದು ರಾತ್ರಿ, ಮತ್ತೆ ಅರ್ಧ ಹಗಲು ಅವಳು ಹೀಗೇ ನಿಲ್ಲಬೇಕು.

ಒಡತಿಗೆ ಇದನ್ನೂ ಹೇಳಿದೆ. ಅವರು ಹರಣಿಯ ಮುಂದೆ ನಿಂತಿದ್ದರು. ಅವಳು ಹಲ್ಲು ಕಡಿಯುವ ಸದ್ದು ಇಬ್ಬರಿಗೂ ಕೇಳುತ್ತಿತ್ತು.

"ಆಕಿ ನನ್ನ ಕಡೀನೇ ನೋಡಾಕತ್ತಾಳ್ರಿ," ಎಂದರು. ಆಮೇಲೆ, "ಈ ಸಲ ನನ್ನ ಕೇಳಬ್ಯಾಡ್ರಿ ಮೇಡಂ ರೀ. ನನಗ ಹೇಳಾಕ ಬರಂಗಿಲ್ಲ. ನೀವು ಓದಿದವ್ರಿದ್ದೀರಿ, ನೀವೇ ನೋಡ್ರಿ," ಎಂದು ಕೊಟ್ಟಿಗೆಯ ಹಿಂದೆ ಹೋಗಿ ಬಣವೆಯ ನೆರಳಿನಲ್ಲಿ ಕೂತುಬಿಟ್ಟರು.

ನಾನು ಹರಣಿಯ ಮುಂದೆ ಎಷ್ಟು ಹೊತ್ತು ನಿಂತೆನೋ ನೆನಪಿಲ್ಲ. ಓದಿದ್ದು ಏನೂ ನೆರವಿಗೆ ಬರಲಿಲ್ಲ. ಓದಿನ ಪ್ರಕಾರ ಎರಡೂ ಸರಿ, ಎರಡೂ ತಪ್ಪು. ಅವಳ ದವಡೆಯ ಕೀಲು ಮೇಲೆ ಕೆಳಗೆ ಆಡುವುದನ್ನೇ ನೋಡುತ್ತಿದ್ದೆ. ಬ್ಯಾಗು ತೆಗೆದು ನೋವಿನ ಔಷಧಿ ಏರಿಸಿ ಕೊಟ್ಟೆ.

ಅರ್ಧ ತಾಸಿಗೆ ಹಲ್ಲು ಕಡಿಯುವುದು ನಿಂತಿತು. ಒಡತಿ ಎದ್ದು ಬಂದು ಒಂದು ಹಿಡಿ ಜೋಳದ ಕಣಕಿ ಒಡ್ಡಿದರು. ಹರಣಿ ತಿಂದಳು. ನಾನು ಕೊಟ್ಟೆನೋ ಇಲ್ಲವೋ ಎಂದು ಅವರು ಕೇಳಲಿಲ್ಲ.

ಸಂಜೆ ವೀರ್ಯ ಕೊಟ್ಟೆ, ಬೆಳಿಗ್ಗೆಯೂ ಕೊಟ್ಟೆ. ನೋವಿನ ಔಷಧಿಯನ್ನೂ ಬೆಳಿಗ್ಗೆ ಮತ್ತೆ ಕೊಟ್ಟೆ. ಒಮ್ಮೆ ಕೊಟ್ಟ ಮೇಲೆ ಕೈ ತಡೆಯಲಿಲ್ಲ.

ಆಮೇಲಿನ ದಿನಗಳಲ್ಲಿ ಮಾಡಲಿಕ್ಕೆ ಹೆಚ್ಚೇನೂ ಇರಲಿಲ್ಲ. ದಿನಾ ಹೋಗಿ ಗಾಯ ತೊಳೆದು ಕಟ್ಟುವುದು, ಕಾಯುವುದು. ಎಂಟನೆಯ ದಿನ ಹರಣಿಯ ಎಡ ಮೂಗಿನ ಹೊಳ್ಳೆಯಿಂದ ಕೆಟ್ಟ ವಾಸನೆಯ ನೀರು ಇಳಿಯುತ್ತಿತ್ತು. ಒಡತಿ ಸೆರಗಿನಿಂದ ಒರೆಸಿದರು.

"ನೆಗಡಿ ಆಗ್ಯಾದೇನ್ರಿ?"

"ನೆಗಡಿ ಅಲ್ಲಕ್ಕಾ. ಅದು ಒಳಗ ಇಳದದ."

ಅವರು ಸೆರಗಿನ ತುದಿ ಹಿಂಡಿದರು. ಅಂದೇ ಕೊಂಬು ತೆಗೆಸಬಹುದಿತ್ತು. ಇನ್ನು ನಾಲ್ಕೇ ದಿನ ಎಂದು ನಾನೂ ಸುಮ್ಮನಾದೆ, ಅವರೂ ಸುಮ್ಮನಾದರು. ಯಾರು ಯಾರ ಮುಖ ನೋಡಿ ಸುಮ್ಮನಾದೆವೋ ಈಗ ಹೇಳಲಾರೆ.

ಇತ್ತ ಭ್ರೂಣ ಇಡಬೇಕಾದ ಆಕಳುಗಳ ಕಥೆ ಬೇರೆ. ನಾಲ್ಕು ಆಕಳುಗಳನ್ನು ಹರಣಿಯ ಜೊತೆಗೇ ಬೆದೆಗೆ ತರಲು ಚುಚ್ಚುಮದ್ದು ಕೊಟ್ಟಿದ್ದೆವು. ಖಜೂರಿಯ ಎರಡರಲ್ಲಿ ಒಂದು ಬೆದೆಗೇ ಬರಲಿಲ್ಲ. ಇನ್ನೊಂದು ಬಂದರೂ ಅದರ ಅಂಡಾಶಯ ಗರ್ಭ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಸೊನ್ನದ ಮೂರನೆಯ ಆಕಳನ್ನು ನೋಡಿ ಬಂದ ಪಶು ಪರೀಕ್ಷಕರು, "ಮೇಡಂ, ಹೋರಿ ಬಿಡಬಾರ್ದು ಅಂಬೂದು ಆ ಮನ್ಯಾಗ ಯಜಮಾನ್ರಿಗಿ ಅಷ್ಟೇ ಗೊತ್ತಿತ್ತು. ಆಕಳ ಬೆದಿಗಿ ಬಂತಂತ ಅವರ ಅಣ್ಣ ಹೋರಿ ತರಿಸ್ಯಾರ," ಎಂದು ತಲೆ ತಗ್ಗಿಸಿ ಹೇಳಿದರು. ಉಳಿದದ್ದು ಜೇವರ್ಗಿ ತಾಲೂಕಿನ ಇಜೇರಿಯದು, ಒಡತಿಯ ತಮ್ಮನ ಮನೆಯ ಕೆಂಪು ಆಕಳು. ಅದೊಂದು ಸರಿಯಾಗಿತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ಏಳಕ್ಕೆ ಹರಣಿಯನ್ನು ಮರದ ಕಟ್ಟಿನಲ್ಲಿ ನಿಲ್ಲಿಸಿ, ಬಾಲದ ಬುಡಕ್ಕೆ ಮರಗಟ್ಟುವ ಸೂಜಿ ಹಾಕಿ ಒಳಗೆ ಕೈ ಹಾಕಿದೆ. ಅಂಡ ಹೊರಬಿದ್ದ ಜಾಗದಲ್ಲಿ ಗಟ್ಟಿ ಗಂಟು ಸಿಗಬೇಕು. ಬಲಕ್ಕೆ ಎರಡು ಸಿಕ್ಕವು, ಎಡಕ್ಕೆ ಒಂದು. ಉಳಿದವೆಲ್ಲ ನುಣುಪಾದ, ಒತ್ತಿದರೆ ಜಾರುವ ಗುಳ್ಳೆಗಳು. ಒಡೆದೇ ಇರಲಿಲ್ಲ. ಮತ್ತೊಮ್ಮೆ ಎಣಿಸಿದೆ. ನನ್ನ ಕೈ ಒಳಗಿದ್ದಾಗ ಒಡತಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಗೋಡೆ ನೋಡಿದೆ.

ಆದರೂ ತೊಳೆದೆವು. ರಬ್ಬರಿನ ನಳಿಕೆ ಗರ್ಭಕೋಶದ ಒಂದೊಂದು ಕವಲಿಗೂ ಇಳಿಸಿ, ಅದರ ತುದಿಯ ಪುಟ್ಟ ಬಲೂನು ಉಬ್ಬಿಸಿ ದಾರಿ ಮುಚ್ಚಿ, ಬೆಚ್ಚಗಿನ ದ್ರವ ಬಿಡುವುದು, ಮೆಲ್ಲಗೆ ಅದುಮಿ ಜಾಲರಿಯ ಮೂಲಕ ಹೊರತೆಗೆಯುವುದು. ಪಶು ಪರೀಕ್ಷಕರು ಬಾಟಲಿ ಎತ್ತಿ ಹಿಡಿದಿದ್ದರು. ಬಿಟ್ಟಷ್ಟೂ ದ್ರವ ತಿರುಗಿ ಬಂತು. ಖಜೂರಿಯ ಆಸ್ಪತ್ರೆಯ ಕೋಣೆಯಲ್ಲಿ ಕಿಟಕಿ ಮುಚ್ಚಿ ಸೂಕ್ಷ್ಮದರ್ಶಕದ ಕೆಳಗೆ ತಟ್ಟೆಯನ್ನು ಗೆರೆಗೆರೆಯಾಗಿ ಹುಡುಕಿದೆ. ಮೂರು ಸಿಕ್ಕವು. ಮೊದಲನೆಯದಕ್ಕೆ ವೀರ್ಯ ತಾಗಿಯೇ ಇರಲಿಲ್ಲ. ಎರಡನೆಯದು ಒಳಗೆ ಕಪ್ಪುಗಟ್ಟಿ ಸತ್ತಿತ್ತು. ಮೂರನೆಯದು ದುಂಡಗೆ, ಜೀವಕೋಶಗಳು ಒತ್ತೊತ್ತಾಗಿ ಕೂಡಿಕೊಂಡು ಆ ದಿನಕ್ಕೆ ಹೇಗಿರಬೇಕೋ ಹಾಗೆಯೇ ಇತ್ತು. ಹದಿನಾಲ್ಕರಲ್ಲಿ ಅದೊಂದು.

ಹೊರಗೆ ಕೂತಿದ್ದ ಒಡತಿಯನ್ನು ಕರೆದು ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ಹೆಣ್ಣೇನ್ರಿ ಇದು?"

"ಗೊತ್ತಾಗಂಗಿಲ್ಲಕ್ಕಾ."

ಭ್ರೂಣವನ್ನು ಸಣ್ಣ ಕಡ್ಡಿಯೊಳಗೆ ಏರಿಸಿ, ಬಿಸಿಲು ತಾಗದಂತೆ ಫ್ಲಾಸ್ಕಿನಲ್ಲಿಟ್ಟು, ಆಳಂದ, ಕಲಬುರಗಿ, ಜೇವರ್ಗಿ ದಾಟಿ ಇಜೇರಿಗೆ ಹೋದೆವು. ದಾರಿಯುದ್ದಕ್ಕೂ ಫ್ಲಾಸ್ಕನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದಿದ್ದೆ. ಪ್ರತಿ ತಗ್ಗಿಗೂ ಚಾಲಕ ನನ್ನ ಕಡೆ ನೋಡುತ್ತಿದ್ದ. ಮಧ್ಯಾಹ್ನ ಎರಡಕ್ಕೆ ಕೆಂಪು ಆಕಳಿನ ಬಲಗವಲಿನಲ್ಲಿ ಅದನ್ನು ಬಿಟ್ಟೆ. ಆ ಕೆಲಸ ಎರಡು ನಿಮಿಷದ್ದು. ಒಡತಿಯ ತಮ್ಮ ಚಹಾ ತಂದು, "ಈಗ ಏನ್ ಮಾಡೂದ್ರಿ ಮೇಡಂ?" ಎಂದು ಕೇಳಿದ. "ಏನೂ ಇಲ್ಲ. ಕಾಯೂದು," ಎಂದೆ.

ಮರುದಿನ ಮೇಷ್ಟ್ರೇ ಖಜೂರಿಗೆ ಬಂದು ಹರಣಿಯ ಕೊಂಬು ತೆಗೆದರು. ನಾನು ಪಕ್ಕದಲ್ಲಿದ್ದೆ. ಕೊಂಬಿನ ಬುಡ ಬಿಚ್ಚಿದಾಗ ಆ ಬೆಳವಣಿಗೆ ಹಣೆಯ ಮೂಳೆಯ ಪೊಳ್ಳಿನಲ್ಲೆಲ್ಲ ತುಂಬಿತ್ತು. ಅವರು ಕೆರೆದು ತೆಗೆಯುವಷ್ಟು ತೆಗೆದು ಚರ್ಮ ಹೊಲಿದರು. ಕೈ ತೊಳೆಯುವಾಗ ನನಗೊಬ್ಬಳಿಗೇ ಕೇಳುವಂತೆ, "ಹನ್ನೆರಡು ದಿನದ ಹಿಂದ ತೆಗದಿದ್ರೂ ಉಳೀತಿದ್ಳು ಅಂತ ನಾ ಹೇಳಲ್ಲ," ಎಂದರು. ಸಮಾಧಾನಕ್ಕೆ ಹೇಳಿದರೋ ನಿಜವಾಗಿ ಹೇಳಿದರೋ ಕೇಳುವ ಧೈರ್ಯ ನನಗಾಗಲಿಲ್ಲ.

ಗಾಯ ಮಾಯ್ದಂತೆ ಮಾಡಿ ಒಂದು ತಿಂಗಳಿಗೆ ಮತ್ತೆ ಉಬ್ಬಿತು. ಕ್ಯಾನ್ಸರ್ ಔಷಧಿ ಮೂರು ಸಲ ಕೊಟ್ಟೆವು. ಹರಣಿ ಮೇವು ಬಿಟ್ಟಳು, ಎಡಗಣ್ಣು ಮುಚ್ಚಿತು. ಏಳನೆಯ ವಾರ ಒಂದು ಮುಂಜಾನೆ ಸತ್ತಳು. ನಾನು ತಲುಪುವಷ್ಟರಲ್ಲಿ ಹೊಲದ ಬದುವಿನಲ್ಲಿ ಕುಣಿ ತೋಡಿ ಆಗಿತ್ತು. ಒಡತಿ ನನ್ನನ್ನು ಕಂಡು, "ಬರ್ರಿ," ಎಂದಷ್ಟೇ ಹೇಳಿದರು. ಊರಿನವರ ಜೊತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಅದಾದ ಹನ್ನೊಂದನೆಯ ದಿನ ಇಜೇರಿಗೆ ಹೋಗಿ ಕೆಂಪು ಆಕಳನ್ನು ಪರೀಕ್ಷಿಸಿದೆ. ಗರ್ಭ ನಿಂತಿತ್ತು. ಎರಡು ಸಲ ಕೈ ಹಾಕಿ ಖಾತ್ರಿ ಮಾಡಿಕೊಂಡು ಒಡತಿಗೆ ಫೋನು ಮಾಡಿದೆ. "ಛಲೋ ಆತ್ರಿ," ಎಂದರು.

ದಿನ ತುಂಬಿದಾಗ ಒಡತಿ ವಾರ ಮುಂಚೆಯೇ ತಮ್ಮನ ಮನೆಗೆ ಹೋಗಿ ಕೂತಿದ್ದರು. ಹೆರಿಗೆ ಸಲೀಸಾಗಿ ಆಯಿತು, ನನ್ನ ಅಗತ್ಯ ಬೀಳಲಿಲ್ಲ. ನಾನು ಹೋದಾಗ ಕೆಂಪು ತಾಯಿಯ ಕೆಚ್ಚಲ ಕೆಳಗೆ ಬಿಳಿ ಮೈಯ ಕರು ಹಾಲು ಕುಡಿಯುತ್ತಿತ್ತು. ನಾನು ಹಿಂಗಾಲ ನಡುವೆ ನೋಡುವ ಮೊದಲೇ ಒಡತಿ ಹೇಳಿದರು.

"ಹೋರಿ ರೀ."

ಕರುವಿನ ಹೊಕ್ಕುಳಿಗೆ ಔಷಧಿ ಹಚ್ಚಿದೆ. ಅದೊಂದು ಕೆಲಸವಿತ್ತಲ್ಲ ಎಂದು ಆಗ ಅನಿಸಿತು.

ಕರುವಿಗೆ ನಾಲ್ಕು ತಿಂಗಳಾದಾಗ ಒಂದು ದಾರಿ ತೆರೆದಂತಾಯಿತು. ಒಳ್ಳೆಯ ದೇವಣಿ ಹೋರಿಗರುಗಳನ್ನು ವೀರ್ಯ ಕೇಂದ್ರಕ್ಕೆ ಆರಿಸುವ ತಂಡ ಇಜೇರಿಗೂ ಬಂತು. ಕರು ಚೆನ್ನಾಗಿ ಬೆಳೆದಿತ್ತು. ಮೈಕಟ್ಟು, ಮಚ್ಚೆ, ಕಾಲು ಎಲ್ಲ ತಳಿಗೆ ತಕ್ಕಂತೆ ಇತ್ತು, ಹರಣಿಯ ಹಾಲಿನ ದಾಖಲೆಯೂ ಇತ್ತು. ಅದು ಆಯ್ಕೆಯಾದರೆ ಅವಳ ರಕ್ತ ಸಾವಿರಾರು ಕೊಟ್ಟಿಗೆಗಳಿಗೆ ಹೋಗುತ್ತಿತ್ತು. ಅರ್ಜಿ ತುಂಬುವವಳು ನಾನು. ಒಡತಿ ಎದುರಿಗೆ ಕೂತಿದ್ದರು. ತಾಯಿಗೆ ಇದ್ದ ರೋಗಗಳು ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು.

"ಅದೂ ಬರೀಬೇಕೇನ್ರಿ?" ಎಂದು ಅವರು ಕೇಳಿದರು.

"ಕೇಳ್ಯಾರಕ್ಕಾ. ಆ ರೋಗ ರಕ್ತದಾಗ ಹರದು ಬರ್ತದೋ ಇಲ್ಲೋ ಖಾತ್ರಿ ಇಲ್ಲ. ಬರ್ತಿದ್ರ ಎಷ್ಟ ಮಂದಿ ಆಕಳಿಗಿ ಹೋಗ್ತದೋ."

ಅವರು ನನ್ನ ಕೈಯಲ್ಲಿದ್ದ ಹಾಳೆಯನ್ನೇ ನೋಡುತ್ತ ಕೂತರು. ಸುಳ್ಳು ಬರೆಯಿರಿ ಎಂದು ಅವರು ಹೇಳಿದ್ದರೆ ನಾನು ಏನು ಮಾಡುತ್ತಿದ್ದೆನೋ ಇವತ್ತಿಗೂ ನನಗೆ ತಿಳಿಯದು. ಅವರು ಹೇಳಲಿಲ್ಲ.

"ಬರೀರಿ. ಇದ್ದದ್ದು ಇದ್ದಂಗ ಬರೀಬೇಕಲ್ರಿ," ಎಂದರು.

ಬರೆದೆ. ತಂಡದವರು ಓದಿ, ಕರುವಿನ ಬೆನ್ನು ಸವರಿ, ಅದನ್ನು ಬಿಟ್ಟು ಬೇರೆ ಊರಿಗೆ ಹೋದರು.

ಒಡತಿ ಕರುವನ್ನು ಖಜೂರಿಗೆ ಕರೆದುಕೊಂಡು ಹೋಗಲು ಟೆಂಪೊ ತರಿಸಿದ್ದರು. ಅದು ಹತ್ತಲೊಲ್ಲದೆ ಕಾಲೂರಿ ನಿಂತಿತು. ಅವರು ಮುಂದಿನಿಂದ ಕೊರಳು ಹಿಡಿದರು, ನಾನು ಹಿಂದಿನಿಂದ ತಳ್ಳಿದೆ. ಹತ್ತಿಸಿ ಹಗ್ಗ ಕಟ್ಟಿದ ಮೇಲೆ ಅವರು ಅಲ್ಲೇ ಕರುವಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನನ್ನು ಕರೆದರು.

"ಗಳೇಕ್ಕ ಹೂಡೂದಿದ್ರ ಬೀಜ ಒಡದು ಎತ್ತು ಮಾಡಬೇಕಾಗ್ತದಲ್ರಿ. ಎರಡು-ಮೂರು ವರ್ಷ ಹೋಗ್ಲಿ. ಅದಕ್ಕ ನೀವೇ ಬರ್ರಿ ಮೇಡಂ ರೀ. ಬ್ಯಾರೇದವ್ರ ಕೈಗಿ ನಾ ಕೊಡಂಗಿಲ್ಲ."

"ಬರ್ತೇನಿ ಅಕ್ಕಾ," ಎಂದೆ.

ಅಷ್ಟರೊಳಗೆ ನನಗೆ ವರ್ಗವಾಗಿ ನಾನು ಈ ಜಿಲ್ಲೆಯಲ್ಲಿರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.